ಸಂಘದ ಠೇವಣಿ ಬಾಂಡನ್ನು ಯಾರೂ ನಕಲು ಮಾಡದ ಹಾಗೆ ಪ್ರಿಂಟ್ ಮಾಡಿಸುವುದು ಹೇಗೆ?

ಸಂಘದ_ನಿರ್ದೇಶಕ
ಎಲ್ಲರಿಗೂ ನಮಸ್ಕಾರ. ನಮ್ಮದು ತಾಲ್ಲೂಕು ಮಟ್ಟದ ಒಂದು ಪತ್ತಿನ ಸಹಕಾರ ಸಂಘ. ಅಡಿಕೆ ಬೆಳೆಗಾರರು, ಮೇಷ್ಟ್ರುಗಳು, ಅಂಗಡಿಯವರು ಸದಸ್ಯರು. ಇತ್ತೀಚೆಗೆ ಒಬ್ಬ ವ್ಯಕ್ತಿ ನಮ್ಮ ಸಂಘದ ಠೇವಣಿ ಬಾಂಡ್ ಅಡ ಇಟ್ಟು ಖಾಸಗಿ ಫೈನಾನ್ಸ್ ಒಂದರಲ್ಲಿ ಸಾಲ ತೆಗೆದಿದ್ದಾನೆ. ಕಂತು ನಿಂತ ಮೇಲೆ ಫೈನಾನ್ಸಿನವರು ಬಾಂಡ್ ಹಿಡಿದು ನಮ್ಮ ಬಳಿ ಬಂದರು. ನೋಡಿದರೆ ಅದು ಕಲರ್ ಪ್ರಿಂಟ್! ನಂಬರ್ ನಿಜವಾದದ್ದು. ಲೆಡ್ಜರ್‌ನಲ್ಲಿ ಆ ನಂಬರಿಗೆ ಇರುವುದು 50,000 ರೂಪಾಯಿ. ಅವರ ಕೈಯಲ್ಲಿದ್ದ ಕಾಗದದಲ್ಲಿ 3,50,000. ಸೀಲು, ಕಾರ್ಯದರ್ಶಿಯ ಸಹಿ ಎಲ್ಲವೂ ಇದ್ದ ಹಾಗೇ ಇದೆ.

ಈಗ ಆಡಳಿತ ಮಂಡಳಿಯಲ್ಲಿ ಇದೇ ಚರ್ಚೆ. ಕೆಲವರು ಹೊಲೊಗ್ರಾಂ ಅಂಟಿಸೋಣ ಅಂತಾರೆ. ಕೆಲವರಿಗೆ ಕ್ಯೂಆರ್ ಕೋಡ್ ಬೇಕು. ಡಿಟಿಪಿ ಅಂಗಡಿಯವರು "ವಾಟರ್‌ಮಾರ್ಕ್ ಹಾಕಿ ಕೊಡ್ತೀನಿ ಬಿಡಿ" ಅಂದಿದ್ದಾರೆ. ನಮಗೆ ದೊಡ್ಡ ಬಜೆಟ್ ಇಲ್ಲ. ಬಲ್ಲವರು ದಯವಿಟ್ಟು ಹೇಳಿ, ಪ್ರೆಸ್ಸಿನವರ ಬಳಿ ಏನು ಕೇಳಬೇಕು?

ಆಫ್‌ಸೆಟ್_ದಾವಣಗೆರೆ
ಸರ್, ನಮ್ಮದು ಪ್ರೆಸ್ ಕುಟುಂಬ. ಮೊದಲು ಒಂದು ಪ್ರಶ್ನೆ. ಈಗ ನೀವು ಬಾಂಡ್ ಹೇಗೆ ಕೊಡುತ್ತಿದ್ದೀರಿ? ಸಾಮಾನ್ಯ ಕಾಗದದಲ್ಲಿ ಆಫೀಸಿನ ಲೇಸರ್ ಪ್ರಿಂಟರ್‌ನಲ್ಲೇ ತೆಗೆದು ಸೀಲು ಹೊಡೆದು ಕೊಡುತ್ತಿದ್ದರೆ, ಅದರ ನಕಲು ಮಾಡಲು ಯಾವ ಕೈಚಳಕವೂ ಬೇಡ. ನಿಮ್ಮ ಬಳಿ ಇರುವ ಪ್ರಿಂಟರೇ ಅವನ ಬಳಿಯೂ ಇದೆ.

ಡಿಟಿಪಿಯವರು ಹೇಳುವ ವಾಟರ್‌ಮಾರ್ಕ್ ನಿಜವಾದ ವಾಟರ್‌ಮಾರ್ಕ್ ಅಲ್ಲ. ಸಂಘದ ಲಾಂಛನವನ್ನು ತೆಳು ಬೂದುಬಣ್ಣದಲ್ಲಿ ಹಿಂದೆ ಹಾಕುತ್ತಾರೆ, ಅಷ್ಟೇ. ಅದು ಜೆರಾಕ್ಸಿನಲ್ಲೂ ಬರುತ್ತದೆ. ನಿಜವಾದ ವಾಟರ್‌ಮಾರ್ಕ್ ಕಾಗದ ತಯಾರಾಗುವಾಗಲೇ, ತಿರುಳು ಇನ್ನೂ ಒದ್ದೆಯಾಗಿರುವಾಗಲೇ ಮೂಡುತ್ತದೆ. ಕೆಲವು ಕಡೆ ದಪ್ಪ, ಕೆಲವು ಕಡೆ ತೆಳು. ಅದಕ್ಕೇ ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತದೆ. ನಿಮ್ಮದೇ ಹೆಸರಿನ ವಾಟರ್‌ಮಾರ್ಕ್ ಬೇಕೆಂದರೆ ಮಿಲ್ಲಿಗೆ ದೊಡ್ಡ ಆರ್ಡರ್ ಕೊಡಬೇಕು. ನಿಮ್ಮ ಸಂಘಕ್ಕೆ ಅದು ಆಗದ ಮಾತು.

ಕಡಿಮೆ ಖರ್ಚಿನಲ್ಲಿ ಆಗುವುದು ಬೇರೆ ಇದೆ. ಹಿನ್ನೆಲೆಗೆ ಹೆಣೆದುಕೊಂಡಿರುವ ಸಣ್ಣ ಗೆರೆಗಳ ವಿನ್ಯಾಸ ಮಾಡಿಸಿ, ನಾವು ಗಿಲೋಶ್ ಅನ್ನುತ್ತೇವೆ. ಅದನ್ನು ಎರಡು ಸ್ಪೆಷಲ್ ಬಣ್ಣದಲ್ಲಿ, ಅಂದರೆ ಮೊದಲೇ ಬೆರೆಸಿಟ್ಟ ಶಾಯಿಯಲ್ಲಿ, ಆಫ್‌ಸೆಟ್‌ನಲ್ಲಿ ಹಾಕಿಸಿ. ಆಫ್‌ಸೆಟ್‌ನ ಸ್ಪೆಷಲ್ ಬಣ್ಣದ ಗೆರೆ ಭೂತಗನ್ನಡಿಯಲ್ಲಿ ಒಂದೇ ಬಣ್ಣದ ತುಂಬು ಗೆರೆಯಾಗಿ ಕಾಣುತ್ತದೆ. ಕಲರ್ ಜೆರಾಕ್ಸಿನಲ್ಲಿ ಅದೇ ಗೆರೆ ಹಳದಿ, ಗುಲಾಬಿ, ನೀಲಿ ಚುಕ್ಕಿಗಳಾಗಿ ಒಡೆದಿರುತ್ತದೆ. ಅಂಚಿನಲ್ಲಿ ಸಂಘದ ಹೆಸರನ್ನೇ ಅತಿ ಸಣ್ಣ ಅಕ್ಷರದಲ್ಲಿ ಸಾಲಾಗಿ ಹಾಕಿದರೆ ಬರಿಗಣ್ಣಿಗೆ ಗೆರೆಯಂತೆ ಕಾಣುತ್ತದೆ. ಜೆರಾಕ್ಸಿನಲ್ಲಿ ಅಕ್ಷರ ಕಲಸಿಹೋಗುತ್ತದೆ. ನಂಬರನ್ನು ಕಂಪ್ಯೂಟರ್‌ನಲ್ಲಿ ಹಾಕಬೇಡಿ, ನಂಬರಿಂಗ್ ಮಷಿನ್‌ನಲ್ಲಿ ಒತ್ತಿಸಿ. ಹಿಂಬದಿಗೆ ಬೆರಳು ಆಡಿಸಿದರೆ ಒತ್ತು ಗೊತ್ತಾಗುತ್ತದೆ.

ಕೋಡ್_ಬರೆಯುವವ
ಇಷ್ಟೆಲ್ಲ ಯಾಕೆ? 2000ನೇ ಇಸವಿಯ ಪರಿಹಾರ ಇದು. ಒಂದು ಕ್ಯೂಆರ್ ಕೋಡ್ ಹಾಕಿ, ಮುಗೀತು. ಯಾರು ಬೇಕಾದರೂ ಮೊಬೈಲ್‌ನಲ್ಲಿ ನೋಡಿಕೊಳ್ಳಬಹುದು.

ಆಫ್‌ಸೆಟ್_ದಾವಣಗೆರೆ
ಕ್ಯೂಆರ್ ಕೋಡ್ ಕೂಡ ಕಾಗದದ ಮೇಲಿನ ಕಪ್ಪು ಚೌಕಗಳೇ ಅಲ್ವಾ? ಬಾಂಡ್ ಜೊತೆಗೆ ಅದೂ ಜೆರಾಕ್ಸ್ ಆಗುತ್ತದೆ. ನಕಲು ಮಾಡುವವನು ಇನ್ನೂ ಒಂದು ಹೆಜ್ಜೆ ಹೋಗಿ ತನ್ನದೇ ವೆಬ್‌ಸೈಟಿನ ಕ್ಯೂಆರ್ ಹಾಕಿದರೆ? ಸ್ಕ್ಯಾನ್ ಮಾಡಿದವನಿಗೆ ಹಸಿರು ಟಿಕ್ ಕಾಣುತ್ತದೆ, ಅವನು ನಂಬಿಬಿಡುತ್ತಾನೆ.

ಕೋಡ್_ಬರೆಯುವವ
ಅದು ಸರಿಯಾಗಿ ಮಾಡದ ಕ್ಯೂಆರ್ ಮಾತು. ಡಿಜಿಟಲ್ ಸಹಿ ಇರುವ ಕ್ಯೂಆರ್ ಬೇರೆ. ಆಧಾರ್ ಕಾರ್ಡಿನಲ್ಲಿ ಇರುವುದು ಅದೇ. ಹೆಸರು, ಹುಟ್ಟಿದ ದಿನಾಂಕ, ಫೋಟೊ ಎಲ್ಲವೂ ಕೋಡಿನ ಒಳಗೇ ಇರುತ್ತದೆ. ಅದಕ್ಕೆ ಪ್ರಾಧಿಕಾರದ ಡಿಜಿಟಲ್ ಸಹಿ ಬಿದ್ದಿರುತ್ತದೆ. ಒಂದು ಅಕ್ಷರ ಬದಲಾದರೂ ಅವರ ಆ್ಯಪ್‌ನಲ್ಲಿ ಪರೀಕ್ಷೆ ಫೇಲ್ ಆಗುತ್ತದೆ. ಬಾಂಡಿನ ಕೋಡ್ ಒಳಗೆ 50,000 ಅಂತ ಇದ್ದರೆ, ಮೇಲೆ 3,50,000 ಅಂತ ಯಾರು ತಿದ್ದಿದರೂ ಸಿಕ್ಕಿಬೀಳುತ್ತಾರೆ. ಇದನ್ನು ಯಾವ ಗಿಲೋಶೂ ಮಾಡಲ್ಲ. ಕಾಗದದ ನಕಲನ್ನು ತಡೆಯುವುದಕ್ಕಿಂತ ಮೊತ್ತ ತಿದ್ದುವುದನ್ನು ತಡೆಯುವುದು ಇಲ್ಲಿ ಮುಖ್ಯ.

ಆಫ್‌ಸೆಟ್_ದಾವಣಗೆರೆ
ಒಪ್ಪಿದೆ, ಡಿಜಿಟಲ್ ಸಹಿ ಇದ್ದರೆ ಸರಿ. ಆದರೆ ಆ ಸಹಿ ಹಾಕುವ ಗುಪ್ತ ಕೋಡನ್ನು, ಅಂದರೆ ಕೀಲಿಯನ್ನು, ಕಾಪಾಡುವವರು ಯಾರು? ತಾಲ್ಲೂಕಿನ ಸಂಘದಲ್ಲಿ ಒಂದೇ ಕಂಪ್ಯೂಟರ್, ಪಾಸ್‌ವರ್ಡ್ ಎಲ್ಲರಿಗೂ ಗೊತ್ತು. ಇದನ್ನೂ ಯೋಚಿಸಿ.

ನಿವೃತ್ತ_ಕ್ಯಾಷಿಯರ್
ಇಬ್ಬರ ಮಾತೂ ಸರಿ. ಬ್ಯಾಂಕಿನ ಅನುಭವದಿಂದ ಒಂದು ಮಾತು. ನಿಮ್ಮ ಚೆಕ್‌ಬುಕ್ ತೆಗೆದು ನೋಡಿ. ಬೆಳಕಿಗೆ ಹಿಡಿದರೆ ಸಿಟಿಎಸ್-ಇಂಡಿಯಾ ಅಂತ ವಾಟರ್‌ಮಾರ್ಕ್ ಕಾಣುತ್ತದೆ. ಯುವಿ ಲೈಟಿನಲ್ಲಿ ಬ್ಯಾಂಕಿನ ಲಾಂಛನ ಹೊಳೆಯುತ್ತದೆ. ಕಲರ್ ಜೆರಾಕ್ಸ್ ಮಾಡಿದರೆ ವಾಯ್ಡ್ (ಅಸಿಂಧು) ಅಥವಾ ಕಾಪಿ ಎಂಬ ಪದ ಎದ್ದು ಬರುತ್ತದೆ. ಬರಿಗಣ್ಣಿಗೆ ಅದು ಅಡಗಿರುತ್ತದೆ. ದಪ್ಪ ಚುಕ್ಕಿ ಮತ್ತು ಸಣ್ಣ ಚುಕ್ಕಿ ಸೇರಿಸಿ ಒಂದೇ ಛಾಯೆ ಬರುವ ಹಾಗೆ ಹಾಕಿರುತ್ತಾರೆ. ಜೆರಾಕ್ಸ್ ಮಷಿನ್ ಸಣ್ಣ ಚುಕ್ಕಿಗಳನ್ನು ಬಿಟ್ಟುಬಿಡುತ್ತದೆ, ದಪ್ಪ ಚುಕ್ಕಿಗಳು ಅಕ್ಷರವಾಗಿ ಉಳಿಯುತ್ತವೆ. ಸಂಘದವರೂ ಇದನ್ನು ಹಾಕಿಸಬಹುದು, ಹೆಚ್ಚು ಖರ್ಚಿಲ್ಲ.

ಇಷ್ಟೆಲ್ಲ ಇದ್ದೂ ಚೆಕ್ ವಂಚನೆ ನಿಲ್ಲಲಿಲ್ಲ. ಅದಕ್ಕೇ ರಿಸರ್ವ್ ಬ್ಯಾಂಕ್ 2021ರ ಜನವರಿ 1ರಿಂದ ಪಾಸಿಟಿವ್ ಪೇ ತಂದಿತು. 50,000 ಮತ್ತು ಅದಕ್ಕೂ ಮೇಲಿನ ಚೆಕ್ ಕೊಟ್ಟವರು ನಂಬರ್, ದಿನಾಂಕ, ಹೆಸರು, ಮೊತ್ತವನ್ನು ಮೊದಲೇ ಬ್ಯಾಂಕಿಗೆ ತಿಳಿಸಬಹುದು. ಚೆಕ್ ಬಂದಾಗ ತಾಳೆ ನೋಡುತ್ತಾರೆ. ಅಂದರೆ ಕಾಗದವನ್ನಷ್ಟೇ ನಂಬಿ ಕೂರಬೇಡಿ, ಬೇರೆ ದಾರಿಯಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ ಅಂತ. ನಿಮ್ಮ ಪ್ರಕರಣದಲ್ಲಿ ಫೈನಾನ್ಸಿನವರು ಸಾಲ ಕೊಡುವ ಮುಂಚೆ ಸಂಘಕ್ಕೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು!

ಸಂಘದ_ನಿರ್ದೇಶಕ
ಮಾಡಿಲ್ಲ ಸರ್. "ಸೀಲು ಇತ್ತಲ್ಲ" ಅಂತಾರೆ.

ಪತ್ರಬರಹಗಾರ
ಸೀಲು ಇತ್ತು, ಕಾಗದ ಚೆನ್ನಾಗಿತ್ತು ಅಂತ ನಂಬಿಯೇ ನಮ್ಮ ರಾಜ್ಯ ಎಂಥ ಪೆಟ್ಟು ತಿಂದಿದೆ ಅಂತ ಮರೆತುಬಿಟ್ಟಿರಾ? ಛಾಪಾ ಕಾಗದದ ಹಗರಣ. ಖಾನಾಪುರದ ಅಬ್ದುಲ್ ಕರೀಂ ತೆಲಗಿ. 1994ರಲ್ಲಿ ಸ್ಟಾಂಪ್ ಮಾರುವ ಲೈಸೆನ್ಸ್ ಪಡೆದವನು ನಕಲಿ ಛಾಪಾ ಕಾಗದ ಪ್ರಿಂಟ್ ಮಾಡಿ ಮಾರುವ ಸಾವಿರಾರು ಕೋಟಿಯ ವ್ಯವಹಾರಕ್ಕೆ ಕೈ ಹಾಕಿದ. 2000ದಲ್ಲಿ ಬೆಂಗಳೂರಿನಲ್ಲಿ ಸುಳಿವು ಸಿಕ್ಕಿತು. 2001ರ ನವೆಂಬರ್‌ನಲ್ಲಿ ಅಜ್ಮೀರ್‌ನಲ್ಲಿ ಅವನನ್ನು ಹಿಡಿದರು. 2007ರಲ್ಲಿ 30 ವರ್ಷ ಶಿಕ್ಷೆ ಆಯಿತು. 2017ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡ.

ಆಗ ನಮ್ಮ ಕಸುಬಿನವರಿಗೆ ಎಷ್ಟು ಕಷ್ಟ ಆಯಿತು ಅಂದರೆ, ಮನೆ ಪತ್ರ ಮಾಡಿಸಿಕೊಂಡವರು ರಾತ್ರಿ ನಿದ್ದೆ ಬಿಟ್ಟು ಬಂದು "ನಮ್ಮ ಪತ್ರದ ಕಾಗದ ಅಸಲಿಯಾ ನೋಡಿ" ಅಂತ ಕೇಳುತ್ತಿದ್ದರು. ಏನು ಹೇಳುವುದು? ನೋಡಿದರೆ ಗೊತ್ತಾಗುವ ಹಾಗೆ ಇರಲೇ ಇಲ್ಲ.

ಹಳೇ_ಓದುಗ
ಅವನ ಬಳಿ ಇದ್ದ ಇಂಕು, ಕಾಗದ ಅಷ್ಟು ಚೆನ್ನಾಗಿತ್ತಂತೆ. ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ.

ಪತ್ರಬರಹಗಾರ
ಅಣ್ಣಾ, ಇಂಕಿನ ಮಾತು ಆಮೇಲೆ. ನಾಸಿಕ್‌ನ ಸರ್ಕಾರಿ ಸೆಕ್ಯುರಿಟಿ ಪ್ರೆಸ್‌ನಲ್ಲಿ ಬೇಡವಾದ ಮಷಿನ್‌ಗಳೇ ಅವನ ಕೈಗೆ ಹೋಗಿದ್ದವು. ಒಳಗಿನವರ ಸಹಾಯ ಇಲ್ಲದೆ ಇದು ಆಗುತ್ತಿತ್ತೇ? ಆಮೇಲೆ ಮಾರಾಟ. ಏಜೆಂಟರನ್ನು ಇಟ್ಟು ಬ್ಯಾಂಕು, ವಿಮಾ ಕಂಪನಿಗಳಿಗೆ ರಾಶಿ ರಾಶಿ ಕೊಟ್ಟ. ಅಷ್ಟು ದೊಡ್ಡ ಸಂಸ್ಥೆಗಳಲ್ಲಿ ಯಾರೂ ಖಜಾನೆಯ ಲೆಕ್ಕದ ಜೊತೆ ನಂಬರ್ ತಾಳೆ ನೋಡಲಿಲ್ಲ. ನನಗೆ ಇಂದಿಗೂ ಸಿಟ್ಟು ಬರುವುದು ಅದಕ್ಕೇ.

ಈಗ ಇ-ಸ್ಟಾಂಪ್ ಬಂದಿದೆ. ಕಾಗದ ನೋಡಿದರೆ ಸಾಧಾರಣ. ಆದರೆ ಮೇಲೆ ಒಂದು ಪ್ರಮಾಣಪತ್ರದ ಸಂಖ್ಯೆ ಇದೆ. ಇ-ಸ್ಟಾಂಪಿನ ದಾಖಲೆ ಇಡುವ ಸ್ಟಾಕ್ ಹೋಲ್ಡಿಂಗ್ ಕಂಪನಿಯ ತಾಣದಲ್ಲಿ ಹಾಕಿದರೆ ಯಾರ ಹೆಸರಿಗೆ, ಎಷ್ಟು ಮೊತ್ತಕ್ಕೆ ಅಂತ ಬರುತ್ತದೆ. ಬರದಿದ್ದರೆ ಆ ಕಾಗದ ಮುಟ್ಟಬೇಡಿ.

ಸಂಘದ_ನಿರ್ದೇಶಕ
ಹೌದು, ನಮ್ಮ ಸಂಘದಲ್ಲೂ ಇ-ಸ್ಟಾಂಪ್ ಕೌಂಟರ್ ಇದೆ. ಆ ಕ್ರಮವನ್ನೇ ನಮ್ಮ ಬಾಂಡಿಗೂ ತರಬಹುದು. ಒಳ್ಳೆಯ ದಾರಿ ಹೇಳಿದಿರಿ.

ಮೈಸೂರಿನವಳು
ಸೆಕ್ಯುರಿಟಿ ಪ್ರಿಂಟಿಂಗ್ ಅಂದರೆ ನಮ್ಮ ಮೈಸೂರಿನ ಹೆಸರು ಬರಲೇಬೇಕು. ದೇಶದ ನೋಟೆಲ್ಲ ಇಲ್ಲೇ ಪ್ರಿಂಟ್ ಆಗುವುದು.

ನಿವೃತ್ತ_ಕ್ಯಾಷಿಯರ್
ಎಲ್ಲ ಅಲ್ಲ ಮೇಡಂ. ನಾಲ್ಕು ಕಡೆ ಆಗುತ್ತದೆ. ಮೈಸೂರು ಮತ್ತು ಪಶ್ಚಿಮ ಬಂಗಾಳದ ಸಾಲ್ಬೊನಿ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯವು. ನಾಸಿಕ್ ಮತ್ತು ಮಧ್ಯಪ್ರದೇಶದ ದೇವಾಸ್ ಕೇಂದ್ರ ಸರ್ಕಾರದ ಕಂಪನಿಯವು.

ಮೈಸೂರಿನವಳು
ಸರಿ ಸರ್, ತಿದ್ದಿಕೊಂಡೆ. ಆದರೆ ನೋಟಿನ ಕಾಗದದ ಮಿಲ್ಲೂ ಮೈಸೂರಿನಲ್ಲಿದೆ, ನೋಟಿನ ಶಾಯಿ ತಯಾರಿಸುವ 'ವರ್ಣಿಕಾ' ಘಟಕವೂ 2022ರಿಂದ ಇಲ್ಲೇ ಇದೆ. ಇನ್ನು ಮತದಾನದ ದಿನ ಬೆರಳಿಗೆ ಹಚ್ಚುವ ಶಾಯಿ? ಅದೂ ನಮ್ಮ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್‌ದೇ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಶುರುವಾದ ಕಾರ್ಖಾನೆ. 1962ರ ಚುನಾವಣೆಯಿಂದ ಆ ಶಾಯಿ ಕೊಡುತ್ತಿದೆ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇರುವುದರಿಂದ ಚರ್ಮಕ್ಕೆ ಹಿಡಿದರೆ ಸೋಪಿಗೂ ಬಗ್ಗಲ್ಲ. ಒಬ್ಬರೇ ಎರಡು ಸಲ ಮತ ಹಾಕುವ ಮೋಸ ತಡೆಯುವುದಕ್ಕೆ ಇಷ್ಟು ಅಗ್ಗದ, ಇಷ್ಟು ಗಟ್ಟಿ ಉಪಾಯ ಬೇರೆ ಯಾವುದಿದೆ ಹೇಳಿ?

ದಿನಸಿ_ಅಂಗಡಿ
ನೋಟಿನ ಮಾತು ಬಂತಲ್ಲ, ಕೇಳಿಯೇ ಬಿಡ್ತೀನಿ. 500ರ ನೋಟಿನಲ್ಲಿ ಹಸಿರು ಪಟ್ಟಿ ಗವರ್ನರ್ ಸಹಿಯ ಹತ್ತಿರ ಇದ್ದರೆ ಅಸಲಿ, ಗಾಂಧೀಜಿ ಹತ್ತಿರ ಇದ್ದರೆ ನಕಲಿ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ನಿಜಾನಾ? ನಂಬರಿನ ಮಧ್ಯೆ ನಕ್ಷತ್ರ ಇರುವ ನೋಟು ಕೂಡ ಬಂದಿದೆ. ಇಸ್ಕೊಳ್ಳೋದಾ ಬೇಡ್ವಾ?

ನಿವೃತ್ತ_ಕ್ಯಾಷಿಯರ್
ಎರಡೂ ಸುಳ್ಳು ಸುದ್ದಿ. ಪಟ್ಟಿಯ ಜಾಗ ಸ್ವಲ್ಪ ಆಚೆ ಈಚೆ ಇದ್ದರೆ ನೋಟು ನಕಲಿ ಆಗಲ್ಲ. ನಕ್ಷತ್ರದ ನೋಟಿನ ಬಗ್ಗೆ 2023ರಲ್ಲಿ ರಿಸರ್ವ್ ಬ್ಯಾಂಕೇ ಹೇಳಿದೆ. ಪ್ರಿಂಟ್ ಆಗುವಾಗ ಕೆಟ್ಟುಹೋದ ನೋಟಿನ ಬದಲು ಕಟ್ಟಿನಲ್ಲಿ ಸೇರಿಸುವ ನೋಟಿಗೆ ಆ ಗುರುತು ಹಾಕುತ್ತಾರೆ. ಧೈರ್ಯವಾಗಿ ಇಸ್ಕೊಳ್ಳಿ.

ಅಂಗಡಿಯಲ್ಲಿ ನೋಡಬೇಕಾದದ್ದು ಇಷ್ಟು. ನೋಟನ್ನು ಓರೆ ಮಾಡಿ, ಹಸಿರು ಪಟ್ಟಿ ನೀಲಿಗೆ ತಿರುಗಬೇಕು. ಗಾಂಧೀಜಿ ಚಿತ್ರದ ಮೇಲೆ, ಎರಡೂ ಅಂಚಿನ ಐದೈದು ಓರೆ ಗೆರೆಗಳ ಮೇಲೆ ಬೆರಳು ಆಡಿಸಿ, ಉಬ್ಬು ತಾಗಬೇಕು. ಕೆತ್ತಿದ ಪ್ಲೇಟಿನಿಂದ ಭಾರೀ ಒತ್ತಡದಲ್ಲಿ ಒತ್ತಿದರೆ ಮಾತ್ರ ಆ ಉಬ್ಬು ಬರುತ್ತದೆ. ಬೆಳಕಿಗೆ ಹಿಡಿದರೆ ಖಾಲಿ ಜಾಗದಲ್ಲಿ ಗಾಂಧೀಜಿ ಮುಖ ಮತ್ತು 500 ಕಾಣಬೇಕು. ನಂಬರಿನ ಅಂಕಿಗಳು ಚಿಕ್ಕದರಿಂದ ದೊಡ್ಡದಾಗುತ್ತಾ ಹೋಗಬೇಕು.

ದಿನಸಿ_ಅಂಗಡಿ
ಥ್ಯಾಂಕ್ಸ್ ಸರ್. ಯುವಿ ಲೈಟು ತಗೊಂಡರೆ ಸಾಕಲ್ವಾ?

ಆಫ್‌ಸೆಟ್_ದಾವಣಗೆರೆ
ಸಹಾಯ ಆಗುತ್ತದೆ. ಮಾಮೂಲಿ ಜೆರಾಕ್ಸ್ ಕಾಗದ ಬೆಳ್ಳಗೆ ಕಾಣಲಿ ಅಂತ ಅದಕ್ಕೆ ಹೊಳಪಿನ ರಾಸಾಯನಿಕ ಹಾಕಿರುತ್ತಾರೆ. ಯುವಿ ಲೈಟಿನಲ್ಲಿ ಅದು ಪೂರ್ತಿ ನೀಲಿಯಾಗಿ ಹೊಳೆಯುತ್ತದೆ. ನೋಟಿನ ಕಾಗದ, ಚೆಕ್ಕಿನ ಕಾಗದ ಮಂಕಾಗಿಯೇ ಇರುತ್ತದೆ, ಹಾಕಿದ ಗುರುತು ಮಾತ್ರ ಹೊಳೆಯುತ್ತದೆ. ಆದರೆ ಜೇಬಿನಲ್ಲೇ ಸೋಪಿನ ಪುಡಿಯಲ್ಲಿ ಒಗೆದ ಅಸಲಿ ನೋಟೂ ಹೊಳೆಯಬಹುದು. ಒಂದೇ ಗುರುತು ನೋಡಿ ತೀರ್ಮಾನ ಮಾಡಬೇಡಿ.

ಹಾಲಿನ_ಡೇರಿ
ನಮ್ಮ ಕಡೆ ಒಬ್ಬರು ಬ್ಯಾಂಕಿಗೆ ಕಟ್ಟಲು ಹೋದಾಗ ಒಂದು ಖೋಟಾ ನೋಟು ಸಿಕ್ಕಿತು. ಬ್ಯಾಂಕಿನವರು ವಾಪಸ್ಸೂ ಕೊಡಲಿಲ್ಲ, ದುಡ್ಡೂ ಕೊಡಲಿಲ್ಲ. ಪಾಪ, ಅವರದೇನು ತಪ್ಪು?

ನಿವೃತ್ತ_ಕ್ಯಾಷಿಯರ್
ಅವರದು ತಪ್ಪಿಲ್ಲ, ಆದರೆ ನಿಯಮ ಹಾಗೇ ಇದೆ. ಖೋಟಾ ನೋಟನ್ನು ಗ್ರಾಹಕರ ಎದುರೇ ಮುದ್ರೆ ಒತ್ತಿ ಜಪ್ತಿ ಮಾಡಬೇಕು, ರಸೀದಿ ಕೊಡಬೇಕು. ವಾಪಸ್ ಕೊಟ್ಟರೆ ಬ್ಯಾಂಕೇ ತಪ್ಪಿತಸ್ಥ ಆಗುತ್ತದೆ. ಒಂದು ಸಲಕ್ಕೆ ನಾಲ್ಕರವರೆಗೆ ಇದ್ದರೆ ತಿಂಗಳ ಕೊನೆಗೆ ಪೊಲೀಸರಿಗೆ ಒಟ್ಟು ವರದಿ ಹೋಗುತ್ತದೆ. ಐದು ಅಥವಾ ಜಾಸ್ತಿ ಇದ್ದರೆ ಕೂಡಲೇ ಎಫ್‌ಐಆರ್. ಖೋಟಾ ಅಂತ ಗೊತ್ತಾದ ಮೇಲೆ ಇನ್ನೊಬ್ಬರಿಗೆ ದಾಟಿಸಬೇಡಿ. ಅದು ಅಪರಾಧ.

ಎಚ್ಆರ್_ಬೆಂಗಳೂರು
ಮೂಲ ವಿಷಯಕ್ಕೆ ಬರ್ತೀನಿ. ನಮಗೆ ಅಂಕಪಟ್ಟಿಯ ತಲೆನೋವು. ಹೊಲೊಗ್ರಾಂ, ಸೀಲು, ಎಂಬಾಸ್ ಎಲ್ಲ ಇರುವ ನಕಲಿ ಮಾರ್ಕ್ಸ್ ಕಾರ್ಡ್ ಬರುತ್ತವೆ. ಹೊಲೊಗ್ರಾಂ ನೋಡಿ ಯಾರೂ ಮರುಳಾಗಬೇಡಿ. ನಮ್ಮ ಕಣ್ಣಿಗೆ ಎಲ್ಲ ಹೊಲೊಗ್ರಾಮೂ ಒಂದೇ ಥರ ಮಿಂಚುತ್ತದೆ, ಒಳಗಿನ ಚಿತ್ರವನ್ನು ಯಾರೂ ಗಮನಿಸಲ್ಲ. ನಾವು ಈಗ ಡಿಜಿಲಾಕರ್‌ನಿಂದಲೇ ತೆಗೆದು ತೋರಿಸಿ ಅನ್ನುತ್ತೇವೆ. ಸಂಸ್ಥೆಯೇ ಅಲ್ಲಿಗೆ ಹಾಕಿದ ದಾಖಲೆಗೆ ಕಾನೂನಿನಲ್ಲಿ ಮೂಲ ಪ್ರತಿಯ ಬೆಲೆಯೇ ಇದೆ. ಹಳೆಯ ವರ್ಷದವರಿಗೆ ಮಾತ್ರ ವಿಶ್ವವಿದ್ಯಾಲಯಕ್ಕೇ ಬರೆದು ಕೇಳುತ್ತೇವೆ.

ಕುಂದಾಪುರ_ದುಬೈ
ಹಳೆಯ ವರ್ಷದವರ ಕಷ್ಟ ನಮಗೆ ಕೇಳಿ! ಡಿಗ್ರಿ ಸರ್ಟಿಫಿಕೇಟ್ ಹಿಡಿದು ರಾಜ್ಯದ ಕಚೇರಿ, ವಿದೇಶಾಂಗ ಇಲಾಖೆ, ರಾಯಭಾರ ಕಚೇರಿ ಅಂತ ಸುತ್ತಿ ಹಿಂದೆ ಒಂದರ ಮೇಲೊಂದು ಮುದ್ರೆ, ಸ್ಟಿಕ್ಕರ್ ಹಾಕಿಸಬೇಕಿತ್ತು. ಮುಂದಿನ ಕಚೇರಿಯವರು ಹಿಂದಿನ ಕಚೇರಿಯ ಸಹಿ ನೋಡುತ್ತಾರೆ ಹೊರತು ಡಿಗ್ರಿ ನೋಡುವುದಿಲ್ಲ. ನಮ್ಮ ಊರಿನ ನರ್ಸ್ ಹುಡುಗಿಯರು ಇದಕ್ಕಾಗಿ ಏಜೆಂಟರಿಗೆ ಎಷ್ಟು ದುಡ್ಡು ಸುರಿದಿದ್ದಾರೆ! ನಿಜವಾಗಿ ಓದಿದವರು ಸುತ್ತಿ ಸುತ್ತಿ ಸೋಲುತ್ತಾರೆ, ಇದು ಅನ್ಯಾಯ.

ಸ್ಪರ್ಧಾರ್ಥಿ
ಕಾಗದ ಎಷ್ಟೇ ಭದ್ರವಾಗಿ ಪ್ರಿಂಟ್ ಆಗಲಿ, ಇಟ್ಟುಕೊಳ್ಳುವವರು ಸರಿ ಇರಬೇಕು. 2016ರಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಎರಡು ಸಲ ಸೋರಿತ್ತು. ಪಿಎಸ್ಐ ನೇಮಕಾತಿಯ ಪರೀಕ್ಷೆ ನಡೆದದ್ದು 2021ರ ಅಕ್ಟೋಬರ್‌ನಲ್ಲಿ, 545 ಹುದ್ದೆಗೆ. ಅಲ್ಲಿ ಓಎಂಆರ್ ಶೀಟಿನಲ್ಲೇ ಆಮೇಲೆ ಉತ್ತರ ತುಂಬಿದ್ದರು. ಅಭ್ಯರ್ಥಿಯ ಕೈಯಲ್ಲಿ ಉಳಿದ ಕಾರ್ಬನ್ ಪ್ರತಿಗೂ ಮೂಲ ಶೀಟಿಗೂ ತಾಳೆ ಆಗದೆ ಬಯಲಾಯಿತು. ಪ್ರಾಮಾಣಿಕವಾಗಿ ಓದಿದವರೂ ಮತ್ತೆ ಪರೀಕ್ಷೆ ಬರೆಯಬೇಕಾಯಿತು.

ಪತ್ರಬರಹಗಾರ
ನೋಡಿ, ಹಿಡಿದುಕೊಟ್ಟದ್ದು ಕಾರ್ಬನ್ ಪ್ರತಿ! ಇದು ಮುಖ್ಯ. ಒಂದೇ ದಾಖಲೆ ಇಬ್ಬರ ಕೈಯಲ್ಲಿದ್ದರೆ ಒಬ್ಬ ತಿದ್ದುವುದು ಕಷ್ಟ. ಸಂಘದವರೇ, ಬಾಂಡಿಗೆ ಕೌಂಟರ್‌ಫಾಯಿಲ್, ಅಂದರೆ ಸಂಘದಲ್ಲೇ ಉಳಿಯುವ ಭಾಗ, ಇಡಿಸಿ. ಎರಡು ಭಾಗದ ನಡುವೆ ಉದ್ದಕ್ಕೂ ಒಂದು ಬಳ್ಳಿಯ ವಿನ್ಯಾಸ ಹಾಕಿಸಿ. ಕೊಡುವಾಗ ಆ ಬಳ್ಳಿಯ ಮೇಲೆ ಕತ್ತರಿಯಿಂದ ಅಂಕುಡೊಂಕಾಗಿ ಕತ್ತರಿಸಿ. ಬಾಂಡ್ ವಾಪಸ್ ಬಂದಾಗ ಎರಡು ಅಂಚು ಕೂಡಿಸಿ ನೋಡಿ. ಹಿಂದಿನ ಕಾಲದಲ್ಲಿ ಕರಾರುಪತ್ರಗಳಿಗೆ ಹೀಗೇ ಮಾಡುತ್ತಿದ್ದರು. ಒಂದು ಪೈಸೆ ಖರ್ಚಿಲ್ಲ.

ಕೋಡ್_ಬರೆಯುವವ
ಸಂಘದಲ್ಲಿ ನೋಡಲು ಇದು ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಮೋಸ ಹೋದದ್ದು ಸಂಘ ಅಲ್ಲ, ಹೊರಗಿನ ಫೈನಾನ್ಸ್. ಅವರ ಬಳಿ ಕೌಂಟರ್‌ಫಾಯಿಲ್ ಇರಲ್ಲ. ಹೊರಗಿನವರಿಗೆ ಒಂದು ದಾರಿ ಬೇಕೇ ಬೇಕು. ನಂಬರ್ ಹಾಕಿದರೆ ಮೊತ್ತ ತೋರಿಸುವ ಪುಟ, ಅದಾಗದಿದ್ದರೆ ಬಾಂಡಿನ ಮೇಲೆಯೇ ದೊಡ್ಡದಾಗಿ ಒಂದು ಸಾಲು: "ಈ ಬಾಂಡಿನ ಆಧಾರದ ಮೇಲೆ ಸಾಲ ಕೊಡುವ ಮುಂಚೆ ಸಂಘದ ಲಿಖಿತ ಖಾತ್ರಿ ಪಡೆಯಿರಿ."

ಪತ್ರಬರಹಗಾರ
ಈ ಮಾತು ಒಪ್ಪಿದೆ. ಆ ಸಾಲಿನ ಕೆಳಗೆ ಫೋನ್ ನಂಬರ್ ಮಾತ್ರ ಹಾಕಬೇಡಿ. ನಕಲು ಮಾಡುವವನು ತನ್ನದೇ ನಂಬರ್ ಹಾಕಿಕೊಳ್ಳುತ್ತಾನೆ. ಕೇಳುವವರು ಸಂಘಕ್ಕೇ ಬರಲಿ ಅಥವಾ ಪತ್ರ ಬರೆಯಲಿ.

ಸಂಘದ_ನಿರ್ದೇಶಕ
ಎಲ್ಲರಿಗೂ ತುಂಬಾ ಧನ್ಯವಾದ. ಹೊಲೊಗ್ರಾಂ ಕೈಬಿಡುತ್ತೇವೆ. ಆಫ್‌ಸೆಟ್‌ನಲ್ಲಿ ಎರಡು ಬಣ್ಣದ ಗಿಲೋಶ್, ವಾಯ್ಡ್ ಹಿನ್ನೆಲೆ, ನಂಬರಿಂಗ್ ಮಷಿನ್, ಕತ್ತರಿಸುವ ಕೌಂಟರ್‌ಫಾಯಿಲ್, ಲಿಖಿತ ಖಾತ್ರಿಯ ಸಾಲು. ಇಷ್ಟನ್ನು ಮಂಡಳಿಯ ಮುಂದೆ ಇಡುತ್ತೇನೆ. ಕ್ಯೂಆರ್ ಬಗ್ಗೆ ಆಮೇಲೆ ನೋಡೋಣ. ಇನ್ನೊಂದು ಪ್ರಶ್ನೆ. ಮೊತ್ತವನ್ನು ಲೇಸರ್ ಪ್ರಿಂಟರ್‌ನಲ್ಲಿ ಹಾಕಬಹುದಾ? ಮತ್ತೆ, ಪ್ರೆಸ್ಸಿನಲ್ಲಿ ಉಳಿಯುವ ಪ್ಲೇಟು, ಹಾಳಾದ ಶೀಟು ಏನು ಮಾಡಬೇಕು?

ಆಫ್‌ಸೆಟ್_ದಾವಣಗೆರೆ
ಮೊತ್ತವನ್ನು ಲೇಸರ್‌ನಲ್ಲಿ ಹಾಕಬೇಡಿ. ಟೋನರ್ ಕಾಗದದ ಮೇಲೆ ಕೂರುತ್ತದೆ, ಒಳಗೆ ಇಳಿಯಲ್ಲ. ನುಣುಪು ಕಾಗದದಲ್ಲಿ ಬ್ಲೇಡಿನಿಂದ ಕೆರೆದರೂ ಎದ್ದುಬರುತ್ತದೆ. ಕಾಗದಕ್ಕೆ ಇಂಗುವ ಶಾಯಿಯ ಪೆನ್ನಿನಲ್ಲಿ ಅಂಕಿ, ಅಕ್ಷರ ಎರಡರಲ್ಲೂ ಬರೆಯಿರಿ. ಅಂಕಿಯ ಹಿಂದೆ ಮುಂದೆ ಜಾಗ ಬಿಡದೆ ಗೆರೆ ಎಳೆಯಿರಿ. ಕೌಂಟರ್‌ಫಾಯಿಲ್‌ನಲ್ಲೂ ಅದೇ ಕೈಯಿಂದ ಬರೆಯಿರಿ.

ಪ್ರೆಸ್ಸಿಗೆ ಎಷ್ಟು ಶೀಟು ಕಾಗದ ಕೊಟ್ಟಿರಿ ಅಂತ ಮೊದಲೇ ಬರೆದಿಡಿ. ಒಳ್ಳೆಯ ಶೀಟು, ಹಾಳಾದ ಶೀಟು, ಉಳಿದ ಖಾಲಿ ಶೀಟು ಮೂರೂ ಸೇರಿ ಆ ಲೆಕ್ಕಕ್ಕೆ ಬರಬೇಕು. ಬರದಿದ್ದರೆ ಬಿಲ್ ಪಾಸ್ ಮಾಡಬೇಡಿ. ಪ್ಲೇಟನ್ನು ನಿಮ್ಮವರ ಎದುರೇ ಕತ್ತರಿಸಿ ಹಾಕಲಿ. ವಿನ್ಯಾಸದ ಫೈಲು ಪ್ರೆಸ್ಸಿನ ಕಂಪ್ಯೂಟರ್‌ನಲ್ಲಿ ಉಳಿಯದಿರಲಿ, ನೀವೇ ತೆಗೆದುಕೊಂಡು ಬನ್ನಿ. ಚೆಕ್ ಪ್ರಿಂಟ್ ಮಾಡುವ ಪ್ರೆಸ್‌ಗಳನ್ನು ಇಂಡಿಯನ್ ಬ್ಯಾಂಕ್ಸ್ ಅಸೋಸಿಯೇಷನ್ ಪರಿಶೀಲಿಸಿ ಪಟ್ಟಿ ಮಾಡುತ್ತದೆ. ಅಂಥವರು ನಿಮ್ಮ ಸಣ್ಣ ಆರ್ಡರ್ ಒಪ್ಪಿದರೆ ಅಲ್ಲೇ ಮಾಡಿಸಿ. ಒಪ್ಪದಿದ್ದರೆ ನಿಮ್ಮೂರಿನ ನಂಬಿಕಸ್ಥ ಆಫ್‌ಸೆಟ್‌ನವರೇ ಸಾಕು. ಪ್ರಿಂಟ್ ಆಗುವ ದಿನ ಒಬ್ಬ ನಿರ್ದೇಶಕರು ಬೆಳಿಗ್ಗೆಯಿಂದ ಕೊನೆಯ ಶೀಟಿನವರೆಗೆ ಮಷಿನ್ ಪಕ್ಕದಲ್ಲೇ ಇರಲಿ.